ನಾಲ್ಕು-ನಾಲ್ಕರ ಆಟ

ನಮ್ಮ ಟೆನಿಸ್ ಕ್ಲಬ್ಬಿನ ಕೋಚ್ ಲಸ್ಸಾದ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ನಾಲ್ಕು ಜನರೆದುರು ಮುಖಕ್ಕೆ ಉಗಿದು ಕೈ ತೊಳೆದುಕೊಳ್ಳುತ್ತಿದ್ದೆ. ಅವನಿಗಿದ್ದದ್ದು ಒಂದೇ ರೋಗ. ಮಕ್ಕಳ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದು ತನಗೆ ಗೊತ್ತು ಎಂದುಕೊಂಡಿದ್ದ.

ಬಿಝರ್ತ್‌ನ ಹಳೆಯ ಬಂದರಿನ ಹಿಂದೆ ಆ ಕ್ಲಬ್ಬು ಇದೆ. ನಾನು ಮೊಂಜಿಯಾ, ಅಲ್ಲಿನ ಕ್ಯಾಂಟೀನು ನನ್ನದು. ಬೆಂದ ಕಡಲೆ, ಟ್ಯೂನಾ ಮೀನು, ಹರೀಸಾ ಎಂಬ ಖಾರದ ಚಟ್ನಿ ಎಲ್ಲ ಬ್ರೆಡ್ಡಿಗೆ ತುಂಬಿ ಲಬ್ಲಾಬಿ ಮಾಡಿಕೊಡುತ್ತೇನೆ, ಚಹಾ ಕುದಿಸುತ್ತೇನೆ, ಬೈಗುಳವನ್ನು ಪುಕ್ಕಟೆ ಕೊಡುತ್ತೇನೆ. ಅಲ್ಲಿಗೆ ಬರುವವರೆಲ್ಲ ನನ್ನನ್ನು ಖಾಲ್ತಿ, ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಆದರೆ ಹಾಗೆ ಕರೆಯುವ ಹಕ್ಕಿರುವುದು ಒಬ್ಬಳಿಗೆ ಮಾತ್ರ, ನನ್ನ ಅಕ್ಕನ ಮಗಳು ದೊರ್ಸಾಫ್‌ಗೆ. ಅಕ್ಕ ಕಡಲಾಚೆಯ ಪಲೆರ್ಮೋದಲ್ಲಿ ಯಾರದೋ ಮುದಿ ತಾಯಿಯ ಸೇವೆ ಮಾಡಿಕೊಂಡಿದ್ದಾಳೆ. ಈ ಹುಡುಗಿ ಹಾಲುಹಲ್ಲು ಬೀಳುವ ಮೊದಲಿನಿಂದ ನನ್ನ ಜೊತೆಗೇ ಬೆಳೆದಳು. ನಾನು ಪಾತ್ರೆ ತೊಳೆಯುವ ಹೊತ್ತಿಗೆ ಅವಳು ಕ್ಯಾಂಟೀನಿನ ಹಿಂದಿನ ಗೋಡೆಗೆ ಚೆಂಡು ಬಡಿಯುತ್ತಿದ್ದಳು. ಗೋಡೆಗೆ ಸುಸ್ತಾಗಬೇಕೇ ಹೊರತು ಅವಳಿಗೆ ಆಗುತ್ತಿರಲಿಲ್ಲ.

ಅವಳ ಆಟವೂ ಹಾಗೆಯೇ ಇತ್ತು. ಎಲ್ಲಿಗೆ ಹೊಡೆದರೂ ಚೆಂಡು ತಿರುಗಿ ಬರುತ್ತಿತ್ತು. ಅವಳ ಎದುರು ಆಡುವವರು ಮೊದಲು ನಗುತ್ತಿದ್ದರು, ಆಮೇಲೆ ಬೆವರುತ್ತಿದ್ದರು, ಕೊನೆಗೆ ತಾವಾಗಿಯೇ ತಪ್ಪು ಮಾಡುತ್ತಿದ್ದರು.

ಇಡೀ ಊರಿನಲ್ಲಿ ಅವಳ ಸರಿಸಮಕ್ಕೆ ನಿಲ್ಲುವ ಹುಡುಗಿ ಇನ್ನೊಬ್ಬಳೇ. ಔಷಧಿ ಅಂಗಡಿಯವರ ಮಗಳು ಎಮ್ನಾ, ದೊರ್ಸಾಫ್‌ಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಅವಳ ಬಲಗೈ ಹೊಡೆತವನ್ನು ನೋಡಲೆಂದೇ ಬಂದರಿನ ಮೀನುಗಾರರು ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲಿ. ದೊಡ್ಡ ಪಂದ್ಯದಲ್ಲಿ ಸೋತಳೆಂದರೆ ರಾಕೆಟ್ಟನ್ನು ಬೇಲಿಗೆ ಬೀಸಿ ಒಗೆದು ಮನೆಗೆ ಹೋಗುವಳು, ಮತ್ತೆ ವಾರಗಟ್ಟಲೆ ಅವಳ ಸುಳಿವಿಲ್ಲ. ಆ ವಾರಗಳಲ್ಲಿ ದೊರ್ಸಾಫ್ ಪುನಃ ಗೋಡೆಯ ಜೊತೆ ಆಡುತ್ತಿದ್ದಳು. ಇಷ್ಟಿದ್ದರೂ ಇಬ್ಬರೂ ಜೀವದ ಗೆಳತಿಯರು. ಒಂದೇ ಲಬ್ಲಾಬಿ ತೆಗೆದುಕೊಂಡು ಎರಡು ಕಡೆಯಿಂದ ಕಚ್ಚಿ ತಿನ್ನುತ್ತಿದ್ದರು, ನನ್ನ ಎರಡನೇ ಲಬ್ಲಾಬಿಯ ವ್ಯಾಪಾರ ಹಾಳು.

ನಮ್ಮ ಕ್ಲಬ್ಬಿನಲ್ಲಿ ಅಭ್ಯಾಸವೆಲ್ಲ ಮುಗಿದ ಮೇಲೆ ಒಂದು ಆಟ ಇರುತ್ತದೆ, ಅದಕ್ಕೆ ಬೇಯ ಆಟ ಎಂದು ಹೆಸರು. ಬೇ ಎಂದರೆ ಹಿಂದೆ ಈ ದೇಶವನ್ನು ಆಳುತ್ತಿದ್ದ ದೊರೆ. ಆಟ ಸೊನ್ನೆಯಿಂದ ಶುರುವಾಗುವುದಿಲ್ಲ. ಇಬ್ಬರೂ ಆಗಲೇ ನಾಲ್ಕು ನಾಲ್ಕು ಗೇಮ್ ಗೆದ್ದಿದ್ದಾರೆಂದು ಇಟ್ಟುಕೊಂಡು ಅಲ್ಲಿಂದ ಆಡಬೇಕು, ಮೊದಲು ಆರು ಮುಟ್ಟಿದವರು ಬೇ. ಗೆದ್ದವರು ಸುಣ್ಣ ಬಳಿದ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಾರೆ. ಸೋತವರು ಅಂಕಣದ ಕೆಂಪು ಮಣ್ಣಿನ ಮೇಲೆ ಭಾರದ ಬಲೆ ಎಳೆದು ಸಮ ಮಾಡಬೇಕು, ನೀರು ಚಿಮುಕಿಸಬೇಕು, ಆಮೇಲೆ ನನ್ನಿಂದ ಚಹಾ ತೆಗೆದುಕೊಂಡು ಹೋಗಿ ಬೇಯವರಿಗೆ ಎರಡೂ ಕೈಯಲ್ಲಿ ಒಪ್ಪಿಸಬೇಕು. "ಸಕ್ಕರೆ ಕಮ್ಮಿಯಾಯ್ತು, ಗುಲಾಮ" ಎಂದರೆ ಮತ್ತೆ ನನ್ನ ಬಳಿ ಓಡಿ ಬರಬೇಕು. ಲಸ್ಸಾದನ ಲೆಕ್ಕದಲ್ಲಿ ಟೆನಿಸ್ ಶುರುವಾಗುವುದೇ ನಾಲ್ಕು-ನಾಲ್ಕರಿಂದ, ಅದಕ್ಕೆ ಮೊದಲಿನದ್ದು ಬರೀ ಸಮುದ್ರ ತೀರದ ವಾಯುವಿಹಾರ.

ದೊರ್ಸಾಫ್ ದಿನವೂ ಬೇ ಆಗುತ್ತಿದ್ದಳು. ಎಮ್ನಾ ಬಂದ ದಿನವೆಲ್ಲ ಬಲೆ ಎಳೆಯುತ್ತಿದ್ದಳು, ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕುತ್ತಿದ್ದಳು. ಒಂದು ಚಳಿಗಾಲದಲ್ಲಿ ಅವಳು ಬರುವುದನ್ನೇ ನಿಲ್ಲಿಸಿದಳು. ಈಜು ಕಲಿಯುತ್ತೇನೆ, ಟೆನಿಸ್ ಸಾಕು ಎಂದಳಂತೆ.

ಆಗ ಲಸ್ಸಾದ್ ನನ್ನ ಕ್ಯಾಂಟೀನಿನಲ್ಲೇ ದೊರ್ಸಾಫ್‌ಳನ್ನು ಕೂರಿಸಿಕೊಂಡ. ನಾನು ಒಲೆಯ ಹತ್ತಿರವೇ ಇದ್ದೆ. ನಾನು ಯಾವತ್ತೂ ಅಲ್ಲೇ ಇರುವುದರಿಂದ ಜನ ನನ್ನನ್ನೂ ಒಲೆಯ ಲೆಕ್ಕಕ್ಕೇ ಸೇರಿಸಿಬಿಟ್ಟಿರುತ್ತಾರೆ. ಅವನು ಮೆತ್ತಗೆ ಮಾತಾಡಿದ. ಎಮ್ನಾಳನ್ನು ಹೇಗೋ ಮಾಡಿ ವಾಪಸು ಕರೆತರುತ್ತೇನೆ, ಆದರೆ ಅವಳು ಉಳಿಯಬೇಕಾದರೆ ಗೆಲುವಿನ ರುಚಿ ಹತ್ತಬೇಕು ಎಂದ. ಗೆಲುವೇ ಕಾಣದವಳಿಗೆ ಹುರುಪು ಎಲ್ಲಿಂದ ಬರಬೇಕು ಎಂದ. ಅಭ್ಯಾಸವನ್ನು ಎಂದಿನಂತೆ ಗಟ್ಟಿಯಾಗಿಯೇ ಮಾಡು, ಬೇಯ ಆಟವನ್ನು ಮಾತ್ರ ಆಗಾಗ ಬಿಟ್ಟುಕೊಡು, ಅವಳಿಗೆ ಗೊತ್ತಾಗದ ಹಾಗೆ.

"ಅವಳು ಹೋದ್ರೆ ನೀನು ಯಾರ ಜೊತೆ ಆಡ್ತೀಯ ಮಗಳೇ? ಒಂದೇ ಕೈಲಿ ಚಪ್ಪಾಳೆ ಆಗುತ್ತಾ? ನೀನು ಗಟ್ಟಿ ಹುಡುಗಿ. ಒಂದೆರಡು ಆಟ ಹೋದ್ರೆ ನಿಂಗೇನು ಕಮ್ಮಿ ಆಗಲ್ಲ."

"ಅವಳು ಬರೋದಾದ್ರೆ ಆಗ್ಲಿ" ಎಂದಳು ದೊರ್ಸಾಫ್. ಗೋಡೆಯ ಜೊತೆ ಆಡಿ ಬೇಸತ್ತವಳು ಬೇರೇನು ಹೇಳಿಯಾಳು?

ಅವಳು ಎದ್ದುಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಹಸಿದವಳಿಗೆ ಊಟ ಹಾಕುವುದಾದರೆ ಹಾಕಪ್ಪ, ಇನ್ನೊಬ್ಬಳ ತಟ್ಟೆಯಿಂದ ಯಾಕೆ ತೆಗೆದು ಹಾಕುತ್ತೀಯ ಎಂದು ಕೇಳಿದೆ. ಲಸ್ಸಾದ್ ನಕ್ಕ. ಖಾಲ್ತಿ, ನೀವು ಕಡಲೆ ಬೇಯಿಸಿ, ಇದು ನನಗೆ ಬಿಡಿ ಎಂದ. ಅವನ ಜೊತೆ ವಾದ ಮಾಡುವುದೂ ಒಂದೇ, ಕಲ್ಲಿನ ಮೇಲೆ ನೀರು ಸುರಿಯುವುದೂ ಒಂದೇ.

ಎಮ್ನಾ ವಾಪಸು ಬಂದಳು. ಬಂದ ವಾರವೇ ಬೇ ಆದಳು. ಕಟ್ಟೆಯ ಮೇಲೆ ಕೂತು "ಗುಲಾಮ, ಚಹಾ ತಣ್ಣಗಿದೆ" ಎಂದು ಅವಳು ಕೂಗಿದಾಗ ಇಡೀ ಕ್ಲಬ್ಬು ನಕ್ಕಿತು, ಎಲ್ಲರಿಗಿಂತ ಜೋರಾಗಿ ದೊರ್ಸಾಫ್ ನಕ್ಕಳು. ಆಗಾಗ ಎಂದದ್ದು ನಿಧಾನಕ್ಕೆ ದಿನಾ ಎಂದಾಯಿತು, ಯಾಕೆಂದರೆ ಒಂದು ದಿನ ತಪ್ಪಿದರೂ ಎಮ್ನಾಳ ಮುಖ ಬಾಡುತ್ತಿತ್ತು, ಲಸ್ಸಾದ್ ದೊರ್ಸಾಫ್ ಕಡೆ ಕಣ್ಸನ್ನೆ ಮಾಡುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ ಅವನ ಮದ್ದು ಎಮ್ನಾಳಿಗೆ ನಾಟಿತು. ಆ ಹುಡುಗಿ ಅರಳಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಕಣಕ್ಕೆ ಬರುತ್ತಿದ್ದಳು. ಸೂಸ್‌ಗೆ ಹೋಗಿ ಗೆದ್ದಳು, ನಾಬೆಲ್‌ಗೆ ಹೋಗಿ ಗೆದ್ದಳು. ಲಸ್ಸಾದ್ ಎದೆ ಉಬ್ಬಿಸಿಕೊಂಡು ತಿರುಗಿದ.

ನಾನು ನೋಡುತ್ತಿದ್ದದ್ದು ನನ್ನ ಹುಡುಗಿಯನ್ನು. ಹೊರ ಊರಿನ ಪಂದ್ಯಗಳಲ್ಲಿ ಸುಲಭದ ಎದುರಾಳಿ ಸಿಕ್ಕರೆ ಅವಳು ಮುಂಚಿನ ಹಾಗೆಯೇ ಗೆಲ್ಲುತ್ತಿದ್ದಳು. ಆಟ ಬಿಗಿಯಾಗಿ ನಾಲ್ಕು-ನಾಲ್ಕಕ್ಕೆ ಬಂದು ನಿಂತಿತೋ, ಅಲ್ಲಿಗೆ ಏನೋ ಆಗುತ್ತಿತ್ತು. ಹೆದರಿಕೆಯಲ್ಲ, ಹೆದರಿದವರ ಮುಖ ನನಗೆ ಗೊತ್ತು. ಇವಳ ಮುಖ ಶಾಂತವಾಗುತ್ತಿತ್ತು, ಆ ದಿನದ ಕೆಲಸ ಮುಗಿಸಿ ಬಾಗಿಲು ಹಾಕಿಕೊಳ್ಳುವವರ ಮುಖದಂತೆ. ಕಾಲು ಒಂದು ಹೆಜ್ಜೆ ಹಿಂದೆ ಉಳಿಯುತ್ತಿತ್ತು, ಚೆಂಡು ಅಂಕಣದ ನಡುವಿನ ಬಲೆಗೆ ಬೀಳುತ್ತಿತ್ತು. ಆಮೇಲೆ ತಾನೇ ಬೆಪ್ಪಾಗಿ ಕೈ ನೋಡಿಕೊಳ್ಳುತ್ತಿದ್ದಳು.

ಹಾಗಿರುವಾಗ ಟ್ಯುನಿಸ್‌ನ ತರಬೇತಿ ಕೇಂದ್ರದಿಂದ ಸುದ್ದಿ ಬಂತು. ಉತ್ತರದ ಊರುಗಳಿಂದ ಈ ಸಲ ಒಬ್ಬಳೇ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳುತ್ತಾರೆ. ಇರಲು ಜಾಗ, ಶಾಲೆ, ಕೋಚು, ವಿದೇಶದ ಪಂದ್ಯಗಳು, ಎಲ್ಲ ಅವರದೇ. ಎಮ್ನಾಳಿಗೆ ಮುಂದಿನ ವರ್ಷವೂ ಉಂಟು. ದೊರ್ಸಾಫ್‌ಗೆ ವಯಸ್ಸು ಮೀರುತ್ತದೆ, ಅವಳಿಗೆ ಇದೇ ಮೊದಲು, ಇದೇ ಕೊನೆ. ಇದಾಗದಿದ್ದರೆ ಮುಂದೆ ಏನು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಒಲೆಯ ಪಕ್ಕದ ಜಾಗ ಖಾಲಿ ಇದೆ ಎಂದು ಇಬ್ಬರಿಗೂ ಗೊತ್ತಿತ್ತು.

ಲಸ್ಸಾದನಿಗೂ ಅಷ್ಟು ಮನುಷ್ಯತ್ವ ಇತ್ತು. ಅವಳನ್ನು ಕರೆದು, ಬಿಟ್ಟುಕೊಟ್ಟದ್ದು ಸಾಕು, ಇನ್ನು ಮುಂದೆ ನಿನ್ನ ಆಟ ನೀನು ಆಡು, ಟ್ಯುನಿಸ್‌ಗೆ ಹೋಗಬೇಕಾದವಳು ನೀನು ಎಂದ. ಅಂದು ಸಂಜೆಯ ಬೇಯ ಆಟ ನೋಡಲು ನಾನು ಒಲೆ ಆರಿಸಿ ಬಂದು ನಿಂತೆ. ದೊರ್ಸಾಫ್ ಹಲ್ಲು ಕಚ್ಚಿ ಆಡಿದಳು, ಸೋತಳು. ಮರುದಿನವೂ ಸೋತಳು. ಅದರ ಮರುದಿನ ಲಸ್ಸಾದ್ ರೇಗಿದ. ಬೇಡ ಅಂದ ಮೇಲೂ ಯಾಕೆ ಕೊಡುತ್ತೀಯ, ಇದೆಂಥ ಗೆಳೆತನ ಎಂದು ಗದರಿದ. ಕೊಡುತ್ತಿಲ್ಲ ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ.

"ನಂಗೆ ಹೇಳ್ಕೊಡ್ಬೇಡ" ಎಂದ. "ಆ ಬಿಟ್ಟುಕೊಡೋ ಹೊಡೆತ ನಿಂಗೆ ಹೇಳ್ಕೊಟ್ಟೋನೇ ನಾನು. ನಂಗೆ ಗುರ್ತು ಸಿಗಲ್ವಾ?"

ಮನೆಗೆ ಬಂದವಳು ಊಟ ಮಾಡಲಿಲ್ಲ. ಬೇಕೆಂದು ಸೋಲುವಾಗ ಕೈ ಹೇಳಿದ ಮಾತು ಕೇಳುತ್ತಿತ್ತಂತೆ, ಈಗ ಬೇಡವೆಂದರೂ ಅದೇ ಕೈ ತನ್ನಷ್ಟಕ್ಕೆ ಹೋಗಿ ಸೋಲುತ್ತದಂತೆ. ನಾನು ಏನೇನೋ ಸಮಾಧಾನ ಹೇಳಿದೆ, ರೂಢಿ ತಪ್ಪಲು ನಾಲ್ಕು ದಿನ ಬೇಕು ಎಂದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಆಯ್ಕೆಯ ದಿನ ಟ್ಯುನಿಸ್‌ನಲ್ಲಿ ಮೋಡ ಕವಿದಿತ್ತು. ಇಬ್ಬರೂ ಎದುರಾಳಿಗಳನ್ನೆಲ್ಲ ದಾಟಿ ಬಂದರು, ಕೊನೆಯ ಪಂದ್ಯ ಇವರಿಬ್ಬರ ನಡುವೆಯೇ ಬಿತ್ತು. ಗೆದ್ದವಳಿಗೆ ಜಾಗ. ಅಂಕಣಕ್ಕೆ ಇಳಿಯುವ ಮೊದಲು ಎಮ್ನಾ ದೊರ್ಸಾಫ್‌ಳ ಜಡೆ ಬಿಗಿದು ಕಟ್ಟಿದಳು. "ಇವತ್ತು ನಿನ್ನ ಅಳಿಸ್ತೀನಿ ಗುಲಾಮ" ಎಂದಳು. "ಮೊದ್ಲು ನಿನ್ ಮೂಗು ಒರೆಸ್ಕೊ" ಎಂದಳು ದೊರ್ಸಾಫ್.

ಮೊದಲ ಸೆಟ್ಟಿನಲ್ಲಿ ನನ್ನ ಹುಡುಗಿ ಅವಳನ್ನು ನಿಲ್ಲಲು ಬಿಡಲಿಲ್ಲ, ಆರು-ಎರಡು. ಎರಡನೆಯದರಲ್ಲಿ ಎಮ್ನಾಳ ಬಲಗೈ ಬಿಸಿಯಾಯಿತು, ಆರು-ಮೂರು ಅವಳಿಗೆ. ಮೂರನೆಯದು ಸಮಸಮವಾಗಿ ಏರಿತು. ಒಂದು-ಒಂದು, ಎರಡು-ಎರಡು, ಮೂರು-ಮೂರು. ಮುಂದೇನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ, ದೇವರೇ ಇದೊಂದನ್ನು ದಾಟಿಸು, ಆಮೇಲೆ ನಿನ್ನ ಹತ್ತಿರ ಏನೂ ಕೇಳುವುದಿಲ್ಲ ಎಂದೆ.

ನಾಲ್ಕು-ನಾಲ್ಕು ಆಯಿತು. ಸರ್ವ್ ದೊರ್ಸಾಫ್‌ಳದು. ಶುರುವಿನ ಮೂರು ಪಾಯಿಂಟುಗಳನ್ನು ಅವಳೇ ಹೊಡೆದಳು, ನಲವತ್ತು-ಸೊನ್ನೆ, ಇನ್ನೊಂದು ಬಂದರೆ ಗೇಮು ಅವಳದು. ಅವಳು ಉಸಿರೆಳೆದುಕೊಂಡು ಚೆಂಡನ್ನು ಮೇಲೆ ಎಸೆದಳು. ಆಗ ಆ ಮುಖ ಬಂತು. ನಾನು ನೋಡಿದೆ. ತನಗೆ ಅದು ಬರುತ್ತಿದೆ ಎಂದು ಅವಳಿಗೂ ತಿಳಿದಿರಬೇಕು, ತಲೆ ಕೊಡವಿಕೊಂಡಳು. ಸರ್ವ್ ಬಲೆಗೆ ಹೋಯಿತು, ಎರಡನೆಯದೂ ಹೋಯಿತು. ಮುಂದಿನದು ಕಾಲು ಹಿಂದುಳಿದು ಹೋಯಿತು. ಅದರ ಮುಂದಿನದಕ್ಕೆ ಅವಳು ಓಡಿದಳು, ನಿಜವಾಗಿ ಓಡಿದಳು, ಮಂಡಿ ತರಚುವಂತೆ ಮಣ್ಣಿನ ಮೇಲೆ ಜಾರಿದಳು, ಆದರೆ ಅಷ್ಟು ಓಡಿದ ಮೇಲೂ ಕೈ ಹಳೆಯ ಜಾಗಕ್ಕೇ ಹೊಡೆಯಿತು. ಅಲ್ಲಿಗೆ ಸಮ, ಮತ್ತೆರಡು ಪಾಯಿಂಟಿನಲ್ಲಿ ಆ ಗೇಮು ಹೋಯಿತು, ಮುಂದಿನದೂ ಹೋಯಿತು. ಆರು-ನಾಲ್ಕು, ಎಮ್ನಾ ಗೆದ್ದಳು.

ಗೆದ್ದವಳು ಕುಣಿಯಲಿಲ್ಲ. ಬಲೆಯ ಹತ್ತಿರ ಬಂದು ದೊರ್ಸಾಫ್‌ಳ ಕೈ ಹಿಡಿದವಳು ಬಿಡಲೇ ಇಲ್ಲ. ನಾನು ಇದ್ದ ಮೂಲೆಗೆ ಮಾತು ಕೇಳಿಸುತ್ತಿತ್ತು.

"ಇದನ್ನೂ ಕೊಟ್ಟುಬಿಟ್ಯಲ್ಲ" ಎಂದಳು.

"ಇಲ್ಲ. ಏನು ಹೇಳ್ತಿದೀಯ ನೀನು?"

"ಸುಳ್ಳು ಹೇಳ್ಬೇಡ. ಬೇಯ ಆಟದಲ್ಲಿ ದಿನಾ ಮಾಡೋ ಮುಖಾನೇ ಮಾಡ್ದೆ. ಇಷ್ಟು ದಿನ ನಿಂಗೆ ಸುಸ್ತಾಗಿರುತ್ತೆ ಅಂದ್ಕೊಂಡಿದ್ದೆ. ಇವತ್ತು ನಲವತ್ತು-ಸೊನ್ನೇಲಿ ಸುಸ್ತು ಎಲ್ಲಿಂದ ಬಂತು?" ಹಿಡಿದ ಕೈಯನ್ನು ಇನ್ನೂ ಬಿಗಿ ಮಾಡಿದಳು. "ಬೇಯ ಆಟಗಳೂ ನೀನು ಕೊಟ್ಟಿದ್ದೇನಾ?"

ಇಲ್ಲ ಎಂದುಬಿಡೇ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಆದರೆ ದೊರ್ಸಾಫ್‌ಗೆ ಸುಳ್ಳು ಬರುವುದಿಲ್ಲ, ನಾನೇ ಹಾಗೆ ಬೆಳೆಸಿದೆ.

"ಅವು ಕೊಟ್ಟಿದ್ದು" ಎಂದಳು. "ಇದು ಅಲ್ಲ, ಎಮ್ನಾ. ನಮ್ಮಮ್ಮನಾಣೆ. ಇದು ನಂಗೆ ಬೇಕಿತ್ತು."

ಎಮ್ನಾ ಕೈ ಬಿಟ್ಟಳು. ರಾಕೆಟ್ ಬೀಸಿ ಒಗೆಯಲಿಲ್ಲ, ಮೆಲ್ಲಗೆ ನೆಲದ ಮೇಲಿಟ್ಟಳು. ಸೀದಾ ಆಯ್ಕೆ ಮಾಡುವವರ ಮೇಜಿನ ಹತ್ತಿರ ನಡೆದು, ತನ್ನ ಹೆಸರು ಬರೆಯಬೇಡಿ, ಈ ಪಂದ್ಯವನ್ನು ಅವಳು ಬಿಟ್ಟುಕೊಟ್ಟದ್ದು, ಜಾಗ ಅವಳಿಗೆ ಸೇರಬೇಕು ಎಂದಳು. ಮೊಂಡು ಹುಡುಗಿ. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಗೆಳತಿಯ ಸ್ವತ್ತನ್ನು ಗೆಳತಿಗೆ ತಿರುಗಿಸುತ್ತಿದ್ದೇನೆ ಎಂದುಕೊಂಡಿದ್ದಳು.

ಮೇಜಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು, ಅವಳೇ ಮುಖ್ಯಸ್ಥೆಯಂತೆ. ದೊರ್ಸಾಫ್‌ಳನ್ನು ಕರೆದು ನಿಜವೇ ಎಂದು ಕೇಳಿದಳು. ದೊರ್ಸಾಫ್ ಅಲ್ಲವೇ ಅಲ್ಲ ಎಂದಳು, ಗೆಲ್ಲಲು ಆಡಿದೆ, ಆಗಲಿಲ್ಲ ಎಂದಳು. ತರಚಿದ ಮಂಡಿಯನ್ನೂ ತೋರಿಸಿದಳು, ಪಾಪ. ಎಮ್ನಾ ಮಧ್ಯೆ ಬಾಯಿ ಹಾಕಿ, ನನಗೋಸ್ಕರ ಹಾಗೆ ಹೇಳುತ್ತಾಳೆ, ಅಭ್ಯಾಸದಲ್ಲಿಯೂ ದಿನಾ ಹೀಗೆಯೇ, ಕೋಚನ್ನೇ ಕೇಳಿ ಎಂದಳು.

ಎಲ್ಲರೂ ಲಸ್ಸಾದನ ಕಡೆ ತಿರುಗಿದರು. ನಾನೂ ತಿರುಗಿದೆ. ನನ್ನ ಹುಡುಗಿಯ ಬದುಕೆಲ್ಲ ಅವನ ನಾಲಿಗೆಯ ಮೇಲಿತ್ತು. ಕೊಡಲು ಕಲಿಸಿದವನು ನಾನು, ಇವತ್ತಿನದು ಅವಳು ಕೊಟ್ಟದ್ದಲ್ಲ ಎಂದರೆ ಸಾಕಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವಳ ಸ್ವಭಾವನೇ ಹಾಗೆ, ಮೇಡಂ" ಎಂದ. "ಗೆಳತಿ ಅಂದ್ರೆ ಪ್ರಾಣ. ತನಗೆ ಅಂತ ಏನೂ ಇಟ್ಕೊಳಲ್ಲ. ತಪ್ಪು ತಿಳ್ಕೋಬೇಡಿ."

ಹೊಗಳಿದೆ ಎಂದುಕೊಂಡಿದ್ದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಿದ್ದರೆ ಜುಟ್ಟು ಹಿಡಿಯಬಹುದಿತ್ತು, ಅವನು ಅದನ್ನು ನಂಬಿಯೇ ಹೇಳಿದ್ದ.

ನಾನು ಬೇಲಿ ದಾಟಿ ಮೇಜಿನ ಹತ್ತಿರ ಹೋದೆ. ಇವನೇ ಮಾಡಿಸಿದ್ದು, ನನ್ನ ಕಿವಿಯಾರೆ ಕೇಳಿದ್ದೇನೆ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಯಾರು ಇವರು ಎಂದು ಆ ಹೆಂಗಸು ಕೇಳಿದಳು. ಕ್ಯಾಂಟೀನಿನವರು, ಹುಡುಗಿಯ ಚಿಕ್ಕಮ್ಮ ಎಂದು ಯಾರೋ ಹೇಳಿದರು. ಚಿಕ್ಕಮ್ಮನ ಸಾಕ್ಷಿಗೆ ಎಷ್ಟು ಬೆಲೆ ಎಂದು ಅವಳ ನಗುವಿನಲ್ಲೇ ತಿಳಿಯಿತು. ಬೇಕೆಂದು ಸೋಲುವವರನ್ನು ಕೇಂದ್ರ ತೆಗೆದುಕೊಳ್ಳುವುದಿಲ್ಲ ಎಂದಳು. ಗೆದ್ದವಳು ತನಗೆ ಬೇಡ ಎನ್ನುತ್ತಿದ್ದಾಳೆ. ಹಾಗಾದರೆ ಮೂರನೆಯವಳು ಎಂದು, ಬೇಜಾ ಊರಿನ ಹುಡುಗಿಯ ಹೆಸರು ಕೂಗಿಸಿದಳು. ಆ ಹುಡುಗಿ ಆಗಲೇ ಬಟ್ಟೆ ಬದಲಾಯಿಸಿ ಬಿಸ್ಕತ್ತು ತಿನ್ನುತ್ತ ಕೂತಿದ್ದಳು, ತನ್ನನ್ನು ಯಾಕೆ ಕರೆದರೆಂದು ಅವಳಿಗೂ ತಿಳಿಯಲಿಲ್ಲ.

ಎಮ್ನಾಳನ್ನು ಅವಳ ಅಪ್ಪ ಕಾರಿನಲ್ಲಿ ಕರೆದುಕೊಂಡು ಹೋದರು. ಹೋಗುವಾಗ ಅವಳು ನಮ್ಮ ಕಡೆ ತಿರುಗಲಿಲ್ಲ. ಲಸ್ಸಾದ್ ಜೊತೆಗೆ ಬರುತ್ತೇನೆ ಎಂದ, ಬೇಡ ಎಂದೆ. ನಾನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವನು ಹಿಂದೆ ಕೇಳಿರಲಿಲ್ಲ, ಹೆದರಿ ಹಿಂದೆ ಸರಿದ.

ನಾವಿಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ದೊರ್ಸಾಫ್ ಅಳಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಬ್ರೆಡ್ಡು ಮಡಿಲಲ್ಲೇ ಉಳಿಯಿತು. ಊರು ಸೇರುವ ಹೊತ್ತಿಗೆ ಕಾಲುವೆಯಲ್ಲಿ ಹಡಗು ಬರುತ್ತಿತ್ತು, ಸೇತುವೆ ಎತ್ತಿದ್ದರು. ಬಸ್ಸು ನಿಂತಿತು. ಜನ ಇಳಿದು ಸಿಗರೇಟು ಹಚ್ಚಿದರು, ನಾವು ಒಳಗೇ ಕೂತೆವು.

"ಖಾಲ್ತಿ" ಎಂದಳು. "ಎಮ್ನಾ ಕೊಟ್ಟೆ ಅಂತಾಳೆ. ಲಸ್ಸಾದ್ ಸರ್ ಕೊಟ್ಟೆ ಅಂತಾರೆ. ಅವರಿಬ್ರಿಗಿಂತ ನನ್ ಆಟ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ." ಅಂಗೈ ತಿರುಗಿಸಿ ನೋಡಿಕೊಂಡಳು. "ಈಗ ನಂಗೇ ಗೊತ್ತಾಗ್ತಿಲ್ಲ. ನಾನು ನಿಜವಾಗ್ಲೂ ಕೊಟ್ಟುಬಿಟ್ನಾ?"

ಲೋಕದಲ್ಲಿ ಯಾವ ತಾಯಿಯೂ ಮಗಳಿಗೆ ನೀನು ಸೋತೆ ಎಂದು ಹೇಳಿ ಸಮಾಧಾನ ಮಾಡಿರಲಾರಳು. ಆದರೆ ಎಲ್ಲರೂ ಸೇರಿ ಆ ಹುಡುಗಿಯ ಸೋಲನ್ನೂ ಅವಳ ಕೈಯಿಂದ ಕಿತ್ತುಕೊಂಡಿದ್ದರು. ಅದನ್ನಾದರೂ ಅವಳಿಗೆ ತಿರುಗಿ ಕೊಡುವವರು ನಾನೊಬ್ಬಳೇ ಉಳಿದಿದ್ದೆ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇಲ್ಲ ಮಗಳೇ" ಎಂದೆ. "ನೀನು ಕೊಡ್ಲಿಲ್ಲ. ನಾನು ಕಣ್ಣಾರೆ ನೋಡಿದೀನಿ. ಗೆಲ್ಲಕ್ಕೆ ಆಡ್ದೆ, ನಿನ್ ಕೈಲಿ ಆಗ್ಲಿಲ್ಲ. ನೀನು ಸೋತೆ."

ಆಗ ಅವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ಸೇತುವೆ ಇಳಿದು ಬಸ್ಸು ಹೊರಟ ಮೇಲೂ ಅಳುತ್ತಲೇ ಇದ್ದಳು. ನಾನು ತಡೆಯಲಿಲ್ಲ.